ಅಕ್ಷರಕ್ಕೆ ಒಡೆಯರುಂಟೆ?

ಅಕ್ಷರವೆಂದರೆ ಕ್ಷರವಿಲ್ಲದ್ದು, ಅಳಿಯದೆ ಉಳಿಯುವಂಥದು ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದವನು ನಾನು. ಆದರೆ ಅದಕ್ಕೊಬ್ಬ ಒಡೆಯನಿರಬಹುದೆ ಎಂಬ ಪ್ರಶ್ನೆ ನನಗೆ ಮೊದಲು ಎದುರಾದದ್ದು ತರಗತಿಯಲ್ಲಲ್ಲ. ವಸ್ತಾರೆಯ ಸಮೀಪದ ನಮ್ಮ ಮನೆಯ ಕಾಫಿ ಕಣದಲ್ಲಿ.

ಅದು ಕಾಫಿ ಮಂಡಳಿಯ ಪೂಲ್ ಪದ್ಧತಿಯ ಕಾಲ. ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಚೀಲ ತುಂಬಿ ಕ್ಯೂರಿಂಗ್ ವರ್ಕ್ಸಿಗೆ ಒಪ್ಪಿಸಬೇಕಾಗಿತ್ತು. ತಗಡಿನಲ್ಲಿ ಕೊರೆದ ಅಚ್ಚನ್ನು ಗೋಣಿಚೀಲದ ಮೇಲಿಟ್ಟು, ಕಪ್ಪು ಬಣ್ಣ ಬಳಿದು, ತಂದೆಯವರು ‘ಸ’ ಎಂಬ ಅಕ್ಷರವನ್ನು ಮೂಡಿಸುತ್ತಿದ್ದರು. ಪಕ್ಕದ ತೋಟದವರ ಗುರುತೂ ‘ಸ’ ಎಂದೇ. ಒಂದು ವರ್ಷ ಎರಡೂ ಮನೆಯ ಚೀಲಗಳು ಒಂದೇ ಲಾರಿಯಲ್ಲಿ ಹೋಗಿ ಬೆರೆತುಹೋದವು. ‘ಸ’ ನಮ್ಮಜ್ಜನ ಕಾಲದ್ದು ಎಂದರು ತಂದೆ. “ವರ್ಣಮಾಲೆಯೇನು ನಿಮ್ಮಜ್ಜನ ಖಾತೆಯಲ್ಲಿದೆಯೇ ಮಾರಾಯ್ರೇ?” ಎಂದರು ನೆರೆಯವರು. ಆ ಮಾತಿನಿಂದ ಎರಡು ವರ್ಷ ಮಾತಿಲ್ಲ, ಮದುವೆಯ ಕರೆಯೋಲೆಯೂ ಇಲ್ಲ. ಕೊನೆಗೆ ತಂದೆಯವರು ‘ಸ’ದ ಸುತ್ತ ಒಂದು ಬಳೆಯಾಕಾರವನ್ನು ಕೊರೆಸಿದರು, ಚೀಲಗಳು ಬೇರೆಯಾದವು.

ನೆರೆಯವರ ಆ ಗೇಲಿಯ ಮಾತು ಎಷ್ಟು ಶಾಸ್ತ್ರೀಯವಾದದ್ದೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 1913ರಲ್ಲಿ ಇಂಗ್ಲೆಂಡಿನಲ್ಲಿ ಬಾಡಿಗೆ ಮೋಟಾರು ನಡೆಸುತ್ತಿದ್ದ ಡು ಕ್ರೋ ಕಂಪನಿಯವರು ‘ಡಬ್ಲ್ಯು’ ಮತ್ತು ‘ಜಿ’ ಅಕ್ಷರಗಳನ್ನು ತಮ್ಮ ವ್ಯಾಪಾರಚಿಹ್ನೆಯಾಗಿ ನೋಂದಾಯಿಸಲು ಹೋರಾಡಿ ಸೋತರು. ಪ್ರಾಮಾಣಿಕನಾದ ಇನ್ನೊಬ್ಬ ವ್ಯಾಪಾರಿಗೂ ಅದೇ ಅಕ್ಷರಗಳು ಸಹಜವಾಗಿ ಬೇಕಾಗಬಹುದೆ ಎಂಬುದೇ ಅಲ್ಲಿನ ಪರೀಕ್ಷೆ. ನಮ್ಮ ನೆರೆಯವರೂ ಕೇಳಿದ್ದು ಅದನ್ನೇ ಅಲ್ಲವೆ?

ನಮ್ಮ ದೇಶದ 1999ರ ಕಾಯಿದೆ ‘ಚಿಹ್ನೆ’ ಎಂಬುದರ ಅರ್ಥದೊಳಗೆ ಅಕ್ಷರವನ್ನೂ ಅಂಕಿಯನ್ನೂ ಸೇರಿಸಿಕೊಂಡಿದೆ. ಹಾಗೆಂದು ಕೇಳಿದವರಿಗೆಲ್ಲ ಕೊಡುವುದಿಲ್ಲ. ಆ ಗುರುತು ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರ್ಪಡಿಸಬೇಕು. ಬರಿಯ ಅಕ್ಷರಕ್ಕೆ ಆ ಶಕ್ತಿ ಹುಟ್ಟಿನಿಂದ ಬರುವುದಿಲ್ಲ, ಬಳಕೆಯಿಂದ ಬರಬೇಕು. ಸರಕಿನ ಗುಣವನ್ನು ಹೇಳುವ ಗುರುತೂ ಸಲ್ಲದು. ನಮ್ಮ ಕಾಫಿಯಲ್ಲೇ ನೋಡಿ: ಪ್ಲಾಂಟೇಷನ್ ‘ಎ’, ‘ಬಿ’, ‘ಸಿ’ ಎಂಬುವು ದರ್ಜೆಗಳು. ಹಣ್ಣಿನೊಳಗೆ ಒಂಟಿಯಾಗಿ ಉರುಟಾಗಿ ಬೆಳೆದ ಬೀಜಕ್ಕೆ ‘ಪಿ.ಬಿ.’ ಎನ್ನುತ್ತಾರೆ. ಯಾವನೋ ಒಬ್ಬ ಕಾಫಿಗೆ ‘ಎ’ ಅಕ್ಷರವನ್ನು ತನ್ನದೆಂದು ಬರೆಸಿಕೊಂಡರೆ ಉಳಿದ ಬೆಳೆಗಾರರು ತಮ್ಮ ದಪ್ಪ ಬೀಜವನ್ನು ಏನೆಂದು ಕರೆಯಬೇಕು?

ಈ ಪ್ರಶ್ನೆ ಕರ್ನಾಟಕದಲ್ಲಿ ದೊಡ್ಡದಾಗಿ ಎದ್ದದ್ದು ಬಸ್ಸಿನ ಮೂಲಕ. 1961ರಲ್ಲಿ ಹುಟ್ಟಿದ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವು ಇಂಗ್ಲಿಷಿನಲ್ಲಿ ‘ಎಂ.ಎಸ್.ಆರ್.ಟಿ.ಸಿ.’ ಆಗಿತ್ತು, ಮಹಾರಾಷ್ಟ್ರದ ನಿಗಮದ ಅಕ್ಷರಗಳೂ ಅವೇ. 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ‘ಎಂ’ ಹೋಗಿ ‘ಕೆ’ ಬಂದಿತು. ಮಹಾರಾಷ್ಟ್ರದಿಂದ ಬಿಡಿಸಿಕೊಂಡು ಕೇರಳದ ಜೊತೆ ತಗಲಿಕೊಂಡೆವು, ಏಕೆಂದರೆ ಅಲ್ಲಿ 1965ರಿಂದಲೇ ಒಂದು ‘ಕೆ.ಎಸ್.ಆರ್.ಟಿ.ಸಿ.’ ಇತ್ತು. 2013ರಲ್ಲಿ ನಮ್ಮ ನಿಗಮ ಆ ಐದಕ್ಷರಗಳನ್ನೂ ಗಂಡಭೇರುಂಡದ ಚಿತ್ರವನ್ನೂ ನೋಂದಾಯಿಸಿತು. ಮರುವರ್ಷ ಕೇರಳಕ್ಕೆ ನೋಟೀಸು ಹೋಯಿತು. ಕೇರಳ ಆ ನೋಂದಣಿಯನ್ನು ಪ್ರಶ್ನಿಸಿತು. ಮೇಲ್ಮನವಿ ಮಂಡಳಿಯು 2021ರಲ್ಲಿ ರದ್ದಾದ ಮೇಲೆ ವ್ಯಾಜ್ಯ ಮದರಾಸು ಉಚ್ಚ ನ್ಯಾಯಾಲಯಕ್ಕೆ ಬಂದು, 2023ರ ಡಿಸೆಂಬರಿನಲ್ಲಿ ಕೇರಳದ ಅರ್ಜಿ ವಜಾ ಆಯಿತು.

ನಾವು ಗೆದ್ದೆವೆಂದು ಕನ್ನಡ ಮೇಷ್ಟರಾದ ನಾನೂ ಹಿಗ್ಗಬೇಕಿತ್ತು. ಆದರೆ ನನಗೆ ಹಿಡಿಸದ ಸಂಗತಿಯೊಂದಿದೆ. ಕಾದಾಡಿದ್ದು ಎರಡೂ ಕಡೆಯವರದಲ್ಲದ ರೋಮನ್ ಅಕ್ಷರಗಳಿಗಾಗಿ. ನಮ್ಮದೇ ಲಿಪಿಯಲ್ಲಿ ಅದೇ ನಿಗಮಕ್ಕೆ ‘ಕ.ರಾ.ರ.ಸಾ.ನಿ.’ ಎಂಬ ಹೆಸರಿದೆ. ಅದು ಯಾವ ಕೇರಳಕ್ಕೂ ಬೇಕಾಗದು, ಯಾವ ಮಹಾರಾಷ್ಟ್ರಕ್ಕೂ ತಾಗದು. ಮೊದಲಿನಿಂದಲೂ ಅದನ್ನೇ ಮುಂದೆ ಮಾಡಿದ್ದರೆ ಅಷ್ಟು ವರ್ಷದ ಅಲೆದಾಟವೇ ಇರುತ್ತಿರಲಿಲ್ಲವೇನೋ. ಇದು ಹಟದ ಮಾತೆಂದು ಗೆಳೆಯರು ನಗುತ್ತಾರೆ, ನಗಲಿ.

ವಸ್ತಾರೆಯಲ್ಲಿ ಬಸ್ಸಿಗೆ ಕಾಯುವವರು ಮಾತ್ರ ಈ ಐದಕ್ಷರವನ್ನೂ ಹೇಳುವುದಿಲ್ಲ, ಆ ಐದಕ್ಷರವನ್ನೂ ಹೇಳುವುದಿಲ್ಲ. ಮೊನ್ನೆ ಅಲ್ಲಿ ನಿಂತಿದ್ದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು: “ಕೆಂಪು ಬಸ್ಸು ಹೋಯ್ತೇನಪ್ಪಾ?”