ಪಾತ್ರದ ಮರೆಯಲ್ಲಿ ಹೆಣ್ಣಿನ ಮಾತು

ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನಾಟಕಕ್ಕೆ ಬರವಿಲ್ಲ. ಸುಗ್ಗಿ ಮುಗಿದರೆ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕೂರುತ್ತಾರೆ. ತಿಂಗಳುಗಟ್ಟಲೆ ತಾಲೀಮು ನಡೆದು ‘ಕುರುಕ್ಷೇತ್ರ’ ರಂಗವೇರುತ್ತದೆ. ಭೀಮ, ದುರ್ಯೋಧನರಾಗುವವರು ಊರ ಗಂಡಸರು. ದ್ರೌಪದಿಗೆ ಮಾತ್ರ ಹೊರಗಿನ ಕಲಾವಿದೆಯನ್ನು ದುಡ್ಡು ಕೊಟ್ಟು ಕರೆಸುವುದು ವಾಡಿಕೆ. ಊರ ಹೆಂಗಸರ ಸುಖದುಃಖ ಸೋಬಾನೆಯಲ್ಲಿ, ನಾಟಿ ಹಾಡಿನಲ್ಲಿ ಉಳಿಯಿತು. ರಂಗದ ಮೇಲೆ ಬಂದದ್ದು ಕಡಿಮೆ. ವೈದ್ಯರಾಗಿದ್ದ ಕಥೆಗಾರ ಬೆಸಗರಹಳ್ಳಿ ರಾಮಣ್ಣ ಇಲ್ಲಿನ ಬಡವರ ಸಂಕಟವನ್ನು ಇಲ್ಲಿನ ನುಡಿಯಲ್ಲೇ ಕಥೆಯಾಗಿಸಿದರು. ಅಂಥ ಕೆಲಸ ನಾಟಕದಲ್ಲಿ, ಹೆಂಗಸರಿಂದಲೇ ಆಗಬೇಕಾಗಿದೆ.

1958ರಲ್ಲಿ ರಂಗನಟಿ ಆರ್. ನಾಗರತ್ನಮ್ಮ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ಭೀಮರ ಪಾತ್ರಗಳನ್ನು ತಾವೇ ಮಾಡಿ ಗೆದ್ದರು. ವೇದಿಕೆ ಹೆಂಗಸರ ಕೈಗೆ ಬಂತು. ಆದರೆ ಕಥೆ ಪುರಾಣದ್ದೇ ಆಗಿತ್ತು. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ 1979ರ ಜಾಥಾದಲ್ಲಿ ನಾಟಕವನ್ನು ಬೀದಿಗೆ ಒಯ್ದಿತು. ಲೇಖಕಿ ಡಾ. ವಿಜಯಾ ಬೀದಿನಾಟಕಕ್ಕೆ ಗಟ್ಟಿ ದನಿ ಕೊಟ್ಟರು. ಅದೇ ಹೊತ್ತಿಗೆ ದೆಹಲಿಯಲ್ಲಿ ‘ಓಂ ಸ್ವಾಹಾ’ ನಾಟಕ ವರದಕ್ಷಿಣೆ ಸಾವುಗಳನ್ನು ಬೀದಿಯಲ್ಲಿ ನಿಂತು ಪ್ರಶ್ನಿಸಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ಬೀದಿನಾಟಕ ಹೆಚ್ಚಾಗಿ ನೊಂದವಳ ಪರವಾಗಿ ಮಾತಾಡಿತು. ನೊಂದವಳು ಗುಂಪಿನಲ್ಲಿ ನಿಂತು ನೋಡಿದಳು.

ನೊಂದವಳೇ ಆಡಿದ್ದೂ ಉಂಟು. 1977ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕೂಲಿ ಹೆಂಗಸರು ‘ಸಿಸ್ಟ್ರೆನ್’ ತಂಡ ಕಟ್ಟಿ, ತಮ್ಮ ಬಾಳನ್ನು ತಾವೇ ಹೇಳಿಕೊಂಡು ನಾಟಕ ಹೆಣೆದರು. ಬಂಗಾಳದಲ್ಲಿ 1985ರಲ್ಲಿ ಹುಟ್ಟಿದ ‘ಜನಸಂಸ್ಕೃತಿ’ ತಂಡ ಮುಂದೆ ಬ್ರೆಜಿಲ್‌ನ ಅಗಸ್ಟೋ ಬೋಲ್ ತೋರಿದ ದಾರಿ ಹಿಡಿದು ಹಳ್ಳಿಗರನ್ನೇ ನಟರಾಗಿಸಿತು. ಅಲ್ಲಿ ನೋಡುವವರೂ ಎದ್ದು ಬಂದು ಕಥೆಯನ್ನು ತಿರುಗಿಸಬಹುದು. ಕನ್ನಡದಲ್ಲಿ ದು. ಸರಸ್ವತಿ ‘ಸಣ್ತಿಮ್ಮಿ ರಾಮಾಯಣ’ದಲ್ಲಿ ಹಳ್ಳಿ ಹೆಂಗಸಿನ ಬಾಯಲ್ಲಿ ರಾಮಾಯಣ ಹೇಳಿಸಿದರು. ‘ಪಯಣ’ ಸಂಸ್ಥೆಯ ‘ತಲ್ಕಿ’ ನಾಟಕದಲ್ಲಿ ಹಿರಿಯ ಟ್ರಾನ್ಸ್ ಮಹಿಳೆಯರು ಬಿರಿಯಾನಿ ಬೇಯಿಸುತ್ತಲೇ ತಾವು ಬದುಕಿದ ಬದುಕನ್ನು ಬಿಚ್ಚಿಡುತ್ತಾರೆ. ಅನುಭವಿಸಿದವರೇ ಆಡಿದಾಗ ನಾಟಕಕ್ಕೆ ಎಂಥ ಬಲ ಬರುತ್ತದೆ ಎಂಬುದಕ್ಕೆ ನನ್ನ ಕಣ್ಣಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಹಳ್ಳಿಯಲ್ಲಿ ಹೀಗೆ ತಮ್ಮ ಬಾಳನ್ನು ತಾವೇ ಆಡುವುದು ಸಲೀಸಲ್ಲ. ಯಾರ ಮನೆಯ ಮಾತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ನಾಟಕ ಮುಗಿದ ಮೇಲೆ ಆಡಿದವಳು ಅದೇ ಮನೆಗೆ ಹೋಗಬೇಕು. ಅದಕ್ಕೇ ನಾಲ್ಕಾರು ಮಂದಿಯ ಅನುಭವ ಬೆರೆಸಿ ಒಂದು ಪಾತ್ರ ಕಟ್ಟಬೇಕು, ಒಬ್ಬಳ ಕಥೆಯನ್ನು ಇನ್ನೊಬ್ಬಳು ಆಡಬೇಕು, ಬೇಡವೆನಿಸಿದ್ದನ್ನು ಕೊನೇ ಗಳಿಗೆಯಲ್ಲೂ ಕೈಬಿಡುವ ಹಕ್ಕು ಹೇಳಿದವಳಿಗೇ ಇರಬೇಕು. ಇಂಥ ಮರೆ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ: 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ವೈದ್ಯರ, ದಲ್ಲಾಳಿಗಳ ಸುದ್ದಿ ಬಂತು. ಬಸಿರು ಕಳೆದುಕೊಂಡವರ ಮಾತು ಅಷ್ಟಾಗಿ ಬರಲಿಲ್ಲ. ‘ನನಗೆ ಹೀಗಾಯಿತು’ ಎನ್ನಲಾರದವಳು ಪಾತ್ರದ ಮರೆಯಲ್ಲಿ ನಿಂತರೆ ಹೇಳಿಯಾಳು.

ಸ್ತ್ರೀಶಕ್ತಿ ಸಂಘದ ಹೆಂಗಸರು ಉಳಿತಾಯ, ಸಾಲದ ಲೆಕ್ಕಕ್ಕೆಂದು ವಾರವಾರ ಸೇರುತ್ತಾರೆ. ಜಿಲ್ಲೆಯ ರಂಗತಂಡಗಳು ಹೊಸ ನಾಟಕ ಹುಡುಕುವ ಮುನ್ನ ಅವರ ಅನುಮತಿ ಪಡೆದು ಆ ಸಭೆಗಳಲ್ಲಿ ಕೂತು ಕೇಳಲಿ. ಆಡುವವರು ಮಾತ್ರ ಆ ಹೆಂಗಸರೇ ಆಗಿರಲಿ.