ಪ್ಯಾರಾಸಿಟಮಾಲ್ ಯಕೃತ್ ಹಾನಿ ಮತ್ತು ಮೈಟೋಕಾಂಡ್ರಿಯದ ಪ್ರೋಟೀನುಗಳು

ಜ್ವರಕ್ಕೂ ಮೈಕೈ ನೋವಿಗೂ ನುಂಗುವ ಪ್ಯಾರಾಸಿಟಮಾಲ್ ಮಿತಿ ಮೀರಿದಾಗ ಯಕೃತ್ತಿಗೆ, ಅಂದರೆ ಲಿವರಿಗೆ ಆಗುವ ಹಾನಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಂಬ ಹೆಸರುಗಳಲ್ಲಿ ಸಿಗುವುದು ಇದೇ ಔಷಧ. ಅಮೆರಿಕದಲ್ಲಿ ಇದಕ್ಕೆ ಅಸಿಟಮಿನೋಫೆನ್ ಎನ್ನುತ್ತಾರೆ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ಈ ಮಿತಿಯೊಳಗೆ ಇದು ನೆಚ್ಚಬಹುದಾದ ಔಷಧವೇ. ಮಿತಿ ದಾಟಿದವರ ಯಕೃತ್ತಿನ ಜೀವಕೋಶಗಳು ಸತ್ತದ್ದನ್ನು ಸ್ಕಾಟ್ಲೆಂಡಿನ ವೈದ್ಯರು 1966ರಲ್ಲಿ ವರದಿ ಮಾಡಿದರು.

ನುಂಗಿದ ಔಷಧದ ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಅಲ್ಪ ಭಾಗವನ್ನು ಸೈಟೋಕ್ರೋಮ್ ಪಿ450 ಕಿಣ್ವಗಳು ನ್ಯಾಪ್ಕಿ ಎಂಬ ಉಗ್ರ ವಸ್ತುವಾಗಿ ಮಾರ್ಪಡಿಸುತ್ತವೆ. ಜೀವಕೋಶದಲ್ಲಿರುವ ಗ್ಲುಟಾಥಯೋನ್ ಅದನ್ನು ಹಿಡಿದು ನಿರ್ವಿಷಗೊಳಿಸುತ್ತದೆ. ಆ ದಾಸ್ತಾನು ಬರಿದಾದಾಗ ನ್ಯಾಪ್ಕಿ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ.

ಯಾವ ಪ್ರೋಟೀನಿಗೆ ಅಂಟಿತು ಎಂಬುದೇ ಇಲ್ಲಿ ನಿರ್ಣಾಯಕ. ಪ್ಯಾರಾಸಿಟಮಾಲಿನದೇ ಪರಮಾಣುಗಳಿಂದಾದ, ಜೋಡಣೆಯಲ್ಲಿ ಮಾತ್ರ ಬೇರೆಯಾದ ಒಂದು ಸೋದರ ಅಣುವಿದೆ. ಇಲಿಗಳಲ್ಲಿ ಅದೂ ಪ್ರೋಟೀನುಗಳಿಗೆ ಅಂಟುತ್ತದೆ, ಆದರೆ ಮೈಟೋಕಾಂಡ್ರಿಯದೊಳಗಿನವಕ್ಕೆ ಅಂಟುವುದು ತೀರ ಕಡಿಮೆ. ಆ ಇಲಿಗಳ ಯಕೃತ್ತೂ ಉಳಿಯುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಕ್ಕೇ ಪೆಟ್ಟು ಬಿದ್ದರೆ ಅಲ್ಲಿ ಪೆರಾಕ್ಸಿನೈಟ್ರೈಟ್ ಎಂಬ ಹಾನಿಕಾರಕ ವಸ್ತು ಹುಟ್ಟಿ ಉಳಿದ ಪ್ರೋಟೀನುಗಳನ್ನೂ ಕೆಡಿಸುತ್ತದೆ. ಜೆಎನ್‌ಕೆ ಎಂಬ ಕಿಣ್ವ ಹೊರಗಿನಿಂದ ಬಂದು ಸೇರಿ ಈ ಒತ್ತಡವನ್ನು ಹೆಚ್ಚಿಸುತ್ತದೆ. ಪೊರೆಯ ರಂಧ್ರಗಳು ತೆರೆದು ಶಕ್ತಿವಾಹಕ ಅಣುವಾದ ಎಟಿಪಿಯ ತಯಾರಿ ನಿಂತು ಜೀವಕೋಶ ಸಾಯುತ್ತದೆ.

ಬರಿಹೊಟ್ಟೆಯಲ್ಲಿ ಈ ಹಾನಿ ಹೆಚ್ಚೆಂಬುದು ಹಳೆಯ ತಿಳಿವಳಿಕೆ. ಉಪವಾಸದಲ್ಲಿ ಗ್ಲುಟಾಥಯೋನ್ ಕುಗ್ಗುವುದು ಅದಕ್ಕೆ ಒಂದು ಕಾರಣ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು 2011ರಲ್ಲಿ ಇನ್ನೊಂದನ್ನು ಕಂಡುಕೊಂಡರು. ಮೈಟೋಕಾಂಡ್ರಿಯದ ಅನೇಕ ಪ್ರೋಟೀನುಗಳ ಲೈಸೀನ್ ಘಟಕಗಳ ಮೇಲೆ ಅಸಿಟೈಲ್ ಗುಂಪುಗಳು ಕುಳಿತಿರುತ್ತವೆ. ಹೊಟ್ಟೆ ಹಸಿದಾಗ ಸರ್ಟ್-3 ಎಂಬ ಕಿಣ್ವ ಚುರುಕಾಗಿ ಅವನ್ನು ಕಿತ್ತುಹಾಕುತ್ತದೆ. ಕೊಬ್ಬನ್ನು ಉರಿಸಿ ದೇಹವನ್ನು ನಡೆಸಲು ಬೇಕಾದ ಹೊಂದಾಣಿಕೆ ಅದು. ಆದರೆ ಹೀಗೆ ತೆರವಾದ ಪ್ರೋಟೀನಿಗೆ ನ್ಯಾಪ್ಕಿ ಸುಲಭವಾಗಿ ಅಂಟುತ್ತದೆ. ಆಲ್ಡಿಹೈಡ್ ಡಿಹೈಡ್ರೊಜಿನೇಸ್-2 ಇದಕ್ಕೆ ನಿದರ್ಶನ. ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡನ್ನು ತೊಡೆಯುವ ಕಿಣ್ವವೂ ಇದೇ. ಅಸಿಟೈಲ್ ಗುಂಪು ಕಳಚಿದ ಮೇಲೆ ಅದಕ್ಕೆ ವಿಷ ಹೆಚ್ಚಾಗಿ ಅಂಟಿ ಅದು ನಿಷ್ಕ್ರಿಯವಾಗುತ್ತದೆ. ಸರ್ಟ್-3 ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಹಾನಿ ಕಡಿಮೆಯಾಯಿತು. ಸಾಮಾನ್ಯವಾಗಿ ಮೈಟೋಕಾಂಡ್ರಿಯದ ರಕ್ಷಕನೆನಿಸಿದ ಕಿಣ್ವವೇ ಇಲ್ಲಿ ವಿಷಕ್ಕೆ ದಾರಿ ಬಿಡುವುದು ಈ ಸಂಶೋಧನೆಯ ಅತ್ಯಂತ ಗಮನಾರ್ಹ ಅಂಶ. ಇದು ಇಲಿಗಳಲ್ಲಿ ಕಂಡ ಫಲಿತಾಂಶವೆಂಬುದನ್ನು ಮರೆಯಬಾರದು.

ಮನುಷ್ಯರಲ್ಲೂ ಮೈಟೋಕಾಂಡ್ರಿಯ ಒಡೆಯುವುದಕ್ಕೆ ಬೇರೆ ಸಾಕ್ಷ್ಯವಿದೆ: ರೋಗಿಗಳ ರಕ್ತದಲ್ಲಿ ಅದರೊಳಗಿನ ಗ್ಲುಟಮೇಟ್ ಡಿಹೈಡ್ರೊಜಿನೇಸ್ ಮತ್ತು ಡಿಎನ್‌ಎ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆಗೆ ಬಳಸುವ ಎನ್-ಅಸಿಟೈಲ್‌ಸಿಸ್ಟೀನ್ ಗ್ಲುಟಾಥಯೋನನ್ನು ಮತ್ತೆ ತುಂಬಿಸುತ್ತದೆ. ಸೇವಿಸಿದ 8 ಗಂಟೆಯೊಳಗೆ ಕೊಟ್ಟರೆ ತೀವ್ರ ಹಾನಿ ಬಹುಮಟ್ಟಿಗೆ ತಪ್ಪುತ್ತದೆ. ಮೊದಲ ದಿನ ರೋಗಿಗೆ ವಾಕರಿಕೆಯ ಹೊರತು ಏನೂ ಅನಿಸದಿರಬಹುದು. ಆ ಅವಧಿ ಜಾರಿಹೋಗುವುದು ಅದರಿಂದಲೇ.