ಅನಾವೃಷ್ಟಿ, ಕೆರೆ ಮತ್ತು ದಾಸೋಹಧರ್ಮ

ಕನ್ನಡ ನಾಡಿನ ಬಯಲುಸೀಮೆಯ ಇತಿಹಾಸವು ಬಹುಮಟ್ಟಿಗೆ ಮಳೆಯ ಇತಿಹಾಸವೇ ಆಗಿರುತ್ತದೆ. ಅರಸುಮನೆತನಗಳ ಏಳುಬೀಳುಗಳನ್ನು ಶಾಸನಗಳು ಸಾರುವವು. ಒಕ್ಕಲು ಮಕ್ಕಳಾದರೋ ಕಾಲವನ್ನು ಬರಗಳ ಹೆಸರಿನಿಂದ ಎಣಿಸುತ್ತ ಬಂದರು. ಕ್ರಿ. ಶ. 1791-92ರ ಕ್ಷಾಮಕ್ಕೆ ಬಿಜಾಪುರ ಸೀಮೆಯ ಜನರಿಟ್ಟ ಹೆಸರು 'ಡೋಗಿ ಬರ'. ಸತ್ತವರಿಗೆ ಮಣ್ಣು ಕೊಡುವವರಿಲ್ಲದೆ ಎಲ್ಲೆಡೆಯಲ್ಲಿಯೂ ತಲೆಬುರುಡೆಗಳು ಬಿದ್ದಿದ್ದವಾದ ಕಾರಣ ಆ ಹೆಸರು ಬಂದಿತು. 1876ರಿಂದ 1878ರ ವರೆಗಿನ ಮಹಾಕ್ಷಾಮವು ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಒದಗಿದ್ದರಿಂದ 'ಧಾತು-ಈಶ್ವರ ಬರ'ವೆಂದು ಪ್ರಸಿದ್ಧವಾಯಿತು. ಈ ಹೆಸರುಗಳು ಕೆಲವು ತಲೆಮಾರುಗಳ ವರೆಗೆ ಅಜ್ಜಿಯರ ಬಾಯಲ್ಲಿ ಉಳಿದು, ಈಗ ಪುಸ್ತಕಗಳಲ್ಲಿ ಮಾತ್ರ ದೊರೆಯುತ್ತವೆ.

ಮಳೆ ಹೋದರೆ ದೈವಕೋಪವೆಂದು ಸುಮ್ಮನಿರುವುದು ಲೋಕರೂಢಿ. ಆದರೆ ಬರ ಬೇರೆ, ಕ್ಷಾಮ ಬೇರೆ. ಮಳೆ ಬಾರದಿರುವುದು ಬರ. ಬಾರದ ಮಳೆಯ ಭಾರವು ಯಾರ ಹೆಗಲ ಮೇಲೆ ಬಿತ್ತು, ಯಾರು ಅದನ್ನು ಹೊರಿಸಿದರು, ಯಾರು ತಪ್ಪಿಸಿಕೊಂಡರು ಎಂಬುದರಿಂದ ಕ್ಷಾಮವು ಹುಟ್ಟುತ್ತದೆ. ಮೊದಲನೆಯದು ಪ್ರಕೃತಿಯ ವ್ಯಾಪಾರ, ಎರಡನೆಯದು ರಾಜನೀತಿ. ಹವಾಮಾನ ಬದಲಾವಣೆಯೆಂಬ ಈ ಕಾಲದ ವಿಪತ್ತಿನಲ್ಲಿಯಾದರೋ ಮೊದಲನೆಯದರಲ್ಲಿಯೂ ಮನುಷ್ಯನ ಕೈ ಸೇರಿಕೊಂಡಿದೆ. ಈ ಭೇದವನ್ನು ಮನಗಂಡ ಹೊರತು ಭಕ್ತಸಮೂಹಕ್ಕೂ ಮಠಗಳಿಗೂ ಉಂಟಾದ ಕರ್ತವ್ಯವು ಸ್ಪಷ್ಟವಾಗಲಾರದು.

ಶರಣಪರಂಪರೆಯಲ್ಲಿ ಈ ವಿಚಾರಕ್ಕೆ ಆದಿಪುರುಷರೆಂದರೆ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು. ಹನ್ನೆರಡನೆಯ ಶತಮಾನದಲ್ಲಿ ಅವರು ಸಾವಿರಾರು ಜನರನ್ನು ಕೂಡಿಸಿ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ವೃತ್ತಾಂತವನ್ನು ರಾಘವಾಂಕ ಕವಿಯು ತನ್ನ ಸಿದ್ಧರಾಮ ಚಾರಿತ್ರದಲ್ಲಿ ವಿಸ್ತಾರವಾಗಿ ವರ್ಣಿಸಿರುವನು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕೆರೆಯೆಂದರೆ ಜನದ ಪ್ರಾಣವೇ ಸರಿ. ಇಂದಿನ ಸೊಲ್ಲಾಪುರ ನಗರದ ನಡುವೆ ಸಿದ್ಧೇಶ್ವರರ ಗುಡಿಯನ್ನು ಸುತ್ತಿಕೊಂಡ ಕೆರೆಯು ಈಗಲೂ ಅವರ ಹೆಸರನ್ನೇ ಹೊತ್ತಿದೆ. ಆದರೆ ಶೂನ್ಯಸಂಪಾದನೆಯು ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದು, ಕೆರೆಯ ಕಾರ್ಯದಲ್ಲಿಯೇ ಮಗ್ನರಾಗಿದ್ದ ಸಿದ್ಧರಾಮರನ್ನು ನಿಷ್ಠುರವಾಗಿ ಪ್ರಶ್ನಿಸಿ, ಕಲ್ಯಾಣಕ್ಕೆ ಕರೆದೊಯ್ದರು. ಪ್ರಭುದೇವರು ಕೆರೆಯನ್ನು ಒಡೆಯಿಸಲಿಲ್ಲ. ಮಾಡುವ ಕಾರ್ಯದ ಹಿಂದೆ ಅರಿವು ಇದೆಯೇ ಎಂದು ಕೇಳಿದರು. ಕಟ್ಟುವುದೂ ಕೇಳುವುದೂ ಎರಡೂ ಶರಣಮಾರ್ಗದ ಅಂಗಗಳೆಂಬುದು ಈ ಪ್ರಸಂಗದಿಂದ ವ್ಯಕ್ತವಾಗುತ್ತದೆ.

ಕೆರೆಗಳನ್ನು ಕಟ್ಟಿದ್ದಕ್ಕಿಂತ ಕಾಯ್ದುಕೊಂಡು ಬಂದದ್ದೇ ಕನ್ನಡಿಗರ ಹೆಚ್ಚಿನ ಸಾಧನೆಯೆನ್ನಬೇಕು. ಶಾಸನಗಳಲ್ಲಿ 'ಬಿತ್ತುವಟ್ಟ', 'ದಶವಂದ', 'ಕಟ್ಟುಗೊಡಗೆ' ಎಂಬ ಮಾತುಗಳು ಮೇಲಿಂದ ಮೇಲೆ ಕಂಡುಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ, ಏರಿಗೆ ಮಣ್ಣು ಹೊತ್ತವರಿಗೂ, ಹೂಳು ತೆಗೆದವರಿಗೂ ಭೂಮಿಯನ್ನಾಗಲಿ ಬೆಳೆಯ ಪಾಲನ್ನಾಗಲಿ ಬಿಟ್ಟುಕೊಡುತ್ತಿದ್ದ ಏರ್ಪಾಡುಗಳಿವು. ತೂಬನ್ನು ಎತ್ತಿ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಕೆರೆಗಳ ಸಾಲುಗಳನ್ನೇ ರಚಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರರಾಗಿದ್ದ ಸ್ಯಾಂಕಿಯವರು, ಈ ದೇಶದಲ್ಲಿ ಹೊಸದೊಂದು ಕೆರೆಗೆ ಸ್ಥಳವನ್ನು ಹುಡುಕುವುದೇ ಕಷ್ಟವೆಂಬ ಅಭಿಪ್ರಾಯವನ್ನು ಬರೆದಿಟ್ಟರು. ಆದರೂ ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಹೊಗಳುವುದು ಸಲ್ಲದು. ಮಣ್ಣು ಹೊತ್ತವರಲ್ಲಿ ಎಷ್ಟೋ ಜನರಿಗೆ ಕೆರೆಯ ಕೆಳಗೆ ಅಂಗೈಯಷ್ಟು ಗದ್ದೆಯೂ ಇರಲಿಲ್ಲ. ಆದರೆ ಕೆರೆ ಊರಿನದೆಂಬ ಹೊಣೆ ಮಾತ್ರ ಊರಿನಲ್ಲಿತ್ತು.

ಆಂಗ್ಲರ ಆಳಿಕೆಯಲ್ಲಿ ಕಂದಾಯದ ಹೊಸ ಪದ್ಧತಿಯು ಬಂದು, ಇನಾಮುಗಳ ವಿಚಾರಣೆ ನಡೆದು, ಕೆರೆಗಳು ಸರಕಾರದ ಇಲಾಖೆಯ ಕಡೆಗೆ ಸರಿದವು. ಊರವರ ಕೈ ಸಡಿಲವಾಯಿತು. ಈ ಸ್ಥಿತಿಯಲ್ಲಿಯೇ 1876ರ ಮಳೆ ಹೋಯಿತು. ಪೆಸಿಫಿಕ್ ಮಹಾಸಾಗರದ ನೀರು ಅಸಾಧಾರಣವಾಗಿ ಬಿಸಿಯಾಗುವ 'ಎಲ್ ನಿನೊ' ಎಂಬ ವಿದ್ಯಮಾನವು 1877ರಲ್ಲಿ ಬಲು ಪ್ರಬಲವಾಗಿದ್ದಿತೆಂದು ವಿಜ್ಞಾನಿಗಳು ತರುವಾಯ ಕಂಡುಕೊಂಡರು. ಅಂದಿನ ಅನಾವೃಷ್ಟಿಯನ್ನು ಯಾವ ಸರಕಾರವೂ ತರಲಿಲ್ಲವೆಂಬುದು ನಿಜ. ಆದರೆ ಮುಂದೆ ನಡೆದದ್ದು ಸರಕಾರದ ನಿರ್ಣಯದಿಂದ. ವೈಸರಾಯ ಲಾರ್ಡ್ ಲಿಟನ್ನರು 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಭವದ ದರಬಾರನ್ನು ನಡೆಸಿದರು. ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ತ್ವವನ್ನು ಹಿಡಿದದ್ದರಿಂದ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. 1874ರಲ್ಲಿ ಬಿಹಾರದ ಬರದಲ್ಲಿ ಬರ್ಮಾ ದೇಶದ ಅಕ್ಕಿಯನ್ನು ತರಿಸಿ ಜನರನ್ನುಳಿಸಿ, ಅತಿವ್ಯಯ ಮಾಡಿದರೆಂಬ ಆಕ್ಷೇಪಣೆಗೆ ಗುರಿಯಾಗಿದ್ದ ಸರ್ ರಿಚರ್ಡ್ ಟೆಂಪಲ್ಲರೇ ಈ ಸಾರಿ ಮಿತವ್ಯಯಕ್ಕಾಗಿ ನೇಮಕವಾದರು. ಪರಿಹಾರ ಕಾಮಗಾರಿಯಲ್ಲಿ ದಿನವೆಲ್ಲ ದುಡಿಯುವವನ ಕೂಲಿಗೆ ಒಂದು ಪೌಂಡು ಧಾನ್ಯವೇ ಆಧಾರವೆಂದು ಅವರು ಗೊತ್ತುಪಡಿಸಿದರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ಶರು, ಇದು ಜೀವ ಹಿಡಿಯಲು ಸಾಲದೆಂದು ಪ್ರತಿಭಟಿಸಿದರು. ಮುಂಬಯಿ ಇಲಾಖೆಯಲ್ಲಿ ಹಸಿದ ಕೂಲಿಕಾರರು ಕೆಲಸವನ್ನೇ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆಯು ಅವರ ಪಕ್ಷವನ್ನು ವಹಿಸಿತು.

ಫಲವೇನಾಯಿತೆಂಬುದನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯು ಎಂಟೂವರೆ ಲಕ್ಷಕ್ಕೂ ಮಿಕ್ಕು ಕುಗ್ಗಿತು. ಇಷ್ಟಾದ ಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು. 1883ರಲ್ಲಿ ಕ್ಷಾಮಸಂಹಿತೆ ಸಿದ್ಧವಾಯಿತು. ಬರದಲ್ಲಿ ಪ್ರಜೆಗೆ ಕೆಲಸವನ್ನೂ ಅನ್ನವನ್ನೂ ಒದಗಿಸುವುದು ರಾಜ್ಯದ ಕರ್ತವ್ಯವೆಂಬ ನಿಯಮವು ಲಕ್ಷಾಂತರ ಜನರ ಮರಣದ ತರುವಾಯ ಬರವಣಿಗೆಗೆ ಬಂದಿತೆಂಬುದನ್ನು ಮರೆಯಲಾಗದು.

ಈಗ ವರ್ತಮಾನಕ್ಕೆ ಬರೋಣ. ಯುರೋಪಿನಲ್ಲಿ ಯಂತ್ರಯುಗವು ಆರಂಭವಾಗುವುದಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲ ವಾಯುವು 2024ರಲ್ಲಿ 420ನ್ನು ಮೀರಿತು. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟ ಹೊಗೆಯೇ ಇದರ ಮುಖ್ಯ ಕಾರಣ. ಈ ವಾಯುವು ಸೂರ್ಯನ ಕಾವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ಯಂತ್ರಯುಗಕ್ಕೆ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಉಷ್ಣತೆಯು ಒಂದೂವರೆ ಡಿಗ್ರಿಯನ್ನು ಮೀರಿದ ಮೊದಲನೆಯ ವರ್ಷವು 2024. ಕಾದ ಗಾಳಿಯು ಹೆಚ್ಚು ನೀರಾವಿಯನ್ನು ಹೊರುವುದರಿಂದ ಒಣಗುವ ಕಡೆ ಹೆಚ್ಚು ಒಣಗುತ್ತದೆ, ಸುರಿಯುವ ಕಡೆ ಒಮ್ಮೆಲೇ ಸುರಿಯುತ್ತದೆ. 2019ರ ಬೇಸಗೆಯಲ್ಲಿ ಬರದಿಂದ ಬೆಂದ ಉತ್ತರ ಕರ್ನಾಟಕವೇ ಅದೇ ವರ್ಷದ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳ ಮಹಾಪೂರಕ್ಕೆ ಸಿಕ್ಕಿತು. ಒಂದೊಂದು ಬರವನ್ನೂ ಒಂದೊಂದು ನೆರೆಯನ್ನೂ ಪೂರ್ತಿಯಾಗಿ ಈ ಕಾರಣಕ್ಕೇ ಹಚ್ಚಲು ಬಾರದು. ಆದರೆ ಅತಿವೃಷ್ಟಿ ಅನಾವೃಷ್ಟಿಗಳ ಪೆಟ್ಟು ಬಲವಾಗುತ್ತ ನಡೆದಿದೆಯೆಂಬುದರಲ್ಲಿ ಸಂದೇಹವಿಲ್ಲ.

ಸುಟ್ಟವರು ಯಾರು, ಬೇಯುವವರು ಯಾರು ಎಂಬುದೇ ಇದರ ರಾಜಕಾರಣದ ತಿರುಳು. 1992ರಲ್ಲಿ ರಿಯೋ ನಗರದಲ್ಲಿ ಸಹಿಯಾದ ಒಡಂಬಡಿಕೆಯು, ಹೊಣೆ ಎಲ್ಲರದಾದರೂ ಎಲ್ಲರ ಹೊಣೆ ಸಮವಲ್ಲವೆಂಬ ತತ್ತ್ವವನ್ನು ಒಪ್ಪಿತು. 2015ರಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಹಾನಿಗೀಡಾದ ಬಡದೇಶಗಳಿಗೆ ನೆರವಾಗಲು ನಿಧಿಯೊಂದನ್ನು 2022ರಲ್ಲಿ ಈಜಿಪ್ಟಿನಲ್ಲಿ ಸೇರಿದ ಸಮ್ಮೇಳನವು ಒಪ್ಪಿಕೊಂಡಿತು. ವರ್ಷವೊಂದಕ್ಕೆ ಭಾರತೀಯನೊಬ್ಬನ ಪಾಲಿಗೆ ಬರುವ ಇಂಗಾಲಾಮ್ಲ ವಾಯು ಸುಮಾರು 2 ಟನ್ನು; ಅಮೇರಿಕೆಯವನದು ಸುಮಾರು 14 ಟನ್ನು. ಭಾರತವು ಈ ಅನ್ಯಾಯವನ್ನು ಎತ್ತಿ ಹೇಳುವುದು ಯೋಗ್ಯವೇ. ಆದರೆ ಒಟ್ಟು ಲೆಕ್ಕದಲ್ಲಿ ಭಾರತವೂ ಈಗ ಮೂರನೆಯ ಸ್ಥಾನದಲ್ಲಿದೆ. ದೇಶದೊಳಗೂ ನಗರದ ಉಳ್ಳವನ ಹೊಗೆ ಬೇರೆ, ಮಳೆಯನ್ನೇ ನಂಬಿದ ಎರೆಹೊಲದ ಒಕ್ಕಲಿಗನ ಹೊಗೆ ಬೇರೆ. ಹೊರಗೆ ಕೇಳುವ ನ್ಯಾಯವನ್ನು ಒಳಗೂ ನಡೆಸಬೇಕಾಗುತ್ತದೆ.

ಒಳಗಿನ ನ್ಯಾಯವೂ ಸುಲಭವಲ್ಲವೆಂಬುದಕ್ಕೆ 2023ರ ಬರವೇ ನಿದರ್ಶನ. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ಭಾರತವು ಕಂಡ ಅತ್ಯಂತ ಶುಷ್ಕ ಆಗಸ್ಟ್ ಆಗಿತ್ತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿಗಳನ್ನು ಬೇಡಿತು. ನೆರವು ಬಾರದಿರಲು 2024ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಯಾರ ಲೆಕ್ಕ ಸರಿಯೆಂಬುದು ಅಂತಿರಲಿ. ಬಿತ್ತಿದ ಬೀಜ ಒಣಗಿದ ಮುಂಗಾರಿಗೂ ಈ ಹಣಕ್ಕೂ ನಡುವೆ ಹಲವು ತಿಂಗಳುಗಳು ಕಳೆದುಹೋದವು. ಹಸಿದವನಿಗೆ ಕಾಲವೇ ಅನ್ನ.

ಇಂಥ ಸಮಯದಲ್ಲಿ ಮಠಗಳು ಸುಮ್ಮನೆ ಕುಳಿತಿಲ್ಲವೆಂಬುದು ಸಮಾಧಾನದ ಸಂಗತಿ. ಸಿರಿಗೆರೆಯ ತರಳಬಾಳು ಜಗದ್ಗುರುಗಳಾದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರ ಪ್ರಯತ್ನದಿಂದ ತುಂಗಭದ್ರೆಯ ನೀರನ್ನು ಏತದಿಂದೆತ್ತಿ ಜಗಳೂರು ತಾಲೂಕಿನ 57 ಕೆರೆಗಳನ್ನೂ ಭರಮಸಾಗರ ಪ್ರದೇಶದ ಕೆರೆಗಳನ್ನೂ ತುಂಬಿಸುವ ಯೋಜನೆಗಳು ಕೈಗೂಡಿದವು. ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳವರು 2019ರಲ್ಲಿ ಭಕ್ತರೊಡನೆ ತಾವೂ ಹಳ್ಳಕ್ಕಿಳಿದು, ಮುಳ್ಳುಕಂಟಿಗಳಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರುಗಳಿಗೂ ಮಿಕ್ಕಿದ ದೂರದ ವರೆಗೆ ಹಸನುಗೊಳಿಸಿದರು. ಕುಷ್ಟಗಿ ತಾಲೂಕಿನ ನಿಡಶೇಸಿ ಕೆರೆಯ ಜೀರ್ಣೋದ್ಧಾರದಲ್ಲಿಯೂ ಅವರ ಪ್ರೇರಣೆಯಿತ್ತು. ಜಾತ್ರೆಯ ಮಹಾದಾಸೋಹದಲ್ಲಿ ಅನ್ನ ನೀಡುವ ಕೈಗಳೇ ಇಲ್ಲಿ ಗುದ್ದಲಿಯನ್ನು ಹಿಡಿದವು. ನೀರಿನ ದಾಸೋಹವು ಅನ್ನದಾಸೋಹಕ್ಕೆ ಮೂಲವೆಂಬುದನ್ನು ಯಾರೂ ಇದಕ್ಕಿಂತ ಚೆನ್ನಾಗಿ ಬೋಧಿಸಲಾರರು.

ಕೇಳುವ ಕಾರ್ಯದಲ್ಲಿಯೂ ಮಠಗಳು ಹಿಂದುಳಿಯಲಿಲ್ಲ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತಿನ ಫಲವತ್ತಾದ ಭೂಮಿಯನ್ನು ಉಕ್ಕಿನ ಕಾರ್ಖಾನೆಗೆ ಕೊಡುವ ಪ್ರಸ್ತಾಪ ಬಂದಾಗ ಡಂಬಳ-ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ರೈತರ ಮುಂದೆ ನಿಂತರು. ಭೂಸ್ವಾಧೀನವನ್ನು ಸರಕಾರವು ಕೈಬಿಟ್ಟಿತು. ಔಷಧಿಯ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತಿದ್ದ ರಕ್ಷಣೆಯನ್ನು 2016ರಲ್ಲಿ ಸರಕಾರವು ಹಿಂತೆಗೆದುಕೊಂಡಾಗಲೂ ಅವರೂ ಇತರ ಸ್ವಾಮಿಗಳೂ ಜನರೊಡನೆ ಧರಣಿ ಹೂಡಿದರು. 2017ರಲ್ಲಿ ರಕ್ಷಣೆ ಮರಳಿತು. 2019ರಲ್ಲಿ ಆ ಗುಡ್ಡದ ಸುಮಾರು 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಇದನ್ನು ಕಾಣಲು ಶ್ರೀಗಳವರು ಇರಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು. 2025ರ ಫೆಬ್ರುವರಿಯಲ್ಲಿ ಕೊಪ್ಪಳ ನಗರದ ಮಗ್ಗುಲಿನ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಗವಿಮಠದ ಶ್ರೀಗಳವರ ಮುಂದಾಳುತನದಲ್ಲಿ ಸಾವಿರಾರು ಜನರು ಬೀದಿಗಿಳಿದರು. ಕಾರ್ಖಾನೆ ಬಂದರೆ ಮಕ್ಕಳಿಗೆ ಉದ್ಯೋಗ ದೊರೆಯುವುದೆಂಬ ಮಾತೂ ಅದೇ ಊರುಗಳಲ್ಲಿ ಕೇಳಿಬರುತ್ತದೆ. ಅದು ತಿರಸ್ಕರಿಸತಕ್ಕ ಮಾತಲ್ಲ. ಬರದಿಂದ ಗುಳೆ ಹೋಗುವ ಮನೆಯವರಿಗೆ ದುಡಿಮೆಯ ಬೇರೊಂದು ದಾರಿಯನ್ನು ತೋರಿಸುವ ಭಾರವೂ ಬೇಡವೆಂದವರ ಮೇಲೆಯೇ ಬೀಳುತ್ತದೆ.

ಆದ್ದರಿಂದ ಆದ ಕಾರ್ಯವನ್ನು ನೆನೆದು ಹಿಗ್ಗಿ ಕೂಡ್ರುವುದಕ್ಕೆ ಇದು ಸಮಯವಲ್ಲ. ಏತದ ನೀರು ನದಿಯನ್ನು ನಂಬಿದೆ, ನದಿಯು ಮಳೆಯನ್ನು ನಂಬಿದೆ. ತುಂಗಭದ್ರಾ ಜಲಾಶಯದಲ್ಲಿ ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದುದು ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ ಅದರ 19ನೆಯ ಬಾಗಿಲು ಕೊಚ್ಚಿಹೋಗಿ, ತುಂಬಿದ ನೀರು ವ್ಯರ್ಥವಾಗಿ ಹರಿಯಿತು. ಇತ್ತ ಊರುಗಳಲ್ಲಿ ಕೊಳವೆಬಾವಿ ಬಂದ ಬಳಿಕ ಕೆರೆಯನ್ನು ಮರೆತವರು ಊರವರೇ. ಕೆರೆಯಂಗಳವನ್ನು ಒತ್ತಿದವರೂ, ಕಾಲುವೆಯನ್ನು ಉತ್ತು ಹೊಲ ಮಾಡಿಕೊಂಡವರೂ ಪರದೇಶದವರಲ್ಲ. ಅವರಲ್ಲಿ ಮಠಗಳಿಗೆ ನಡೆದುಕೊಳ್ಳುವ ಭಕ್ತರೂ ಇದ್ದಾರೆಂಬುದು ಕಹಿಯಾದರೂ ಸತ್ಯ.

ಇತಿಹಾಸವು ಕಲಿಸುವ ಪಾಠವು ಇಷ್ಟು. ಧಾತು-ಈಶ್ವರ ಬರದಲ್ಲಿಯೂ ಅನ್ನವಿಕ್ಕಿದ ಪುಣ್ಯವಂತರು ನಾಡಿನಲ್ಲಿದ್ದರು. ಆದರೂ ಲಕ್ಷಾಂತರ ಜನರು ಸತ್ತರು. ಒಂದು ಪೌಂಡಿನ ಕೂಲಿಯನ್ನು ದಾಸೋಹವೊಂದೇ ಬದಲಿಸಲಾರದು. ಅದಕ್ಕೆ ಕೇಳುವ ದನಿಯೂ ಬೇಕಾಗಿತ್ತು, ಅದು ತಡವಾಗಿ ಎದ್ದಿತು. ಹಾಗೆಯೇ ಕೇಳುವ ದನಿಯೊಂದರಿಂದಲೇ ಕೆರೆಯ ಹೂಳು ಏಳುವುದಿಲ್ಲ. ಅದಕ್ಕೆ ಕಾಯಕದ ಕೈ ಬೇಕು. ಸರಕಾರವನ್ನು ಪ್ರಶ್ನಿಸುವ ಭಕ್ತನು ತಾನು ಒತ್ತಿದ ಕೆರೆಯಂಗಳವನ್ನು ಮೊದಲು ಬಿಟ್ಟುಕೊಡಲಿ. ಕೆರೆಗೆ ಮಣ್ಣು ಹೊರುವ ಭಕ್ತನು ಮಳೆ ಏಕೆ ಕೆಟ್ಟಿತೆಂದು ಕೇಳುವುದಕ್ಕೆ ಅಂಜದಿರಲಿ. ಮಹೋತ್ಸವದ ಈ ಶುಭಕಾಲದಲ್ಲಿ ಶ್ರೀಮಠದ ಸದ್ಭಕ್ತರು ತಮ್ಮ ತಮ್ಮ ಊರಿನ ಒಂದೊಂದು ಕೆರೆಯ ಲೆಕ್ಕವನ್ನು, ಅದರ ಏರಿ, ತೂಬು, ಕೋಡಿ, ಕಾಲುವೆಗಳ ಸ್ಥಿತಿಯನ್ನು ಬರೆದಿಟ್ಟು ಕಾಯ್ದುಕೊಳ್ಳುವ ಸಂಕಲ್ಪವನ್ನು ಮಾಡಿದರೆ, ಅದೇ ಗುರುವಿಗೆ ಸಲ್ಲುವ ನಿಜವಾದ ಕಾಣಿಕೆಯಾದೀತು. ಮುಂದಿನ ಬರಕ್ಕೆ ಜನರು ಭಯಂಕರವಾದ ಹೆಸರನ್ನಿಡದಂತೆ ಮಾಡುವುದು ಅಷ್ಟರ ಮಟ್ಟಿಗೆ ಅವರ ಕೈಯಲ್ಲಿಯೇ ಇದೆ.